ಮೇಷ್ಟ್ರು ಕೇಳಿ ಬರೆದ ಮೇಲುಕೋಟೆ

ಕಾಣದ್ದನ್ನು ನಂಬುವ ಸ್ವಭಾವ ನನ್ನದಲ್ಲ. ನಾನು ಓದಿದ್ದು ಸಸ್ಯಶಾಸ್ತ್ರ, ಕಾಲೇಜಿನಲ್ಲಿ ಹೇಳಿಕೊಡುವುದೂ ಅದನ್ನೇ. ಎಲೆಯ ಅಂಚು ಹೇಗಿದೆಯೋ ಹಾಗೆ ಹೇಳಬೇಕು, ಹೇಗಿದ್ದರೆ ಚೆಂದವೋ ಹಾಗಲ್ಲ ಎಂದು ಹುಡುಗಿಯರಿಗೆ ದಿನವೂ ತಿದ್ದುವವಳು ನಾನು. ಯಾರಾದರೂ ದೆವ್ವದ ಮಾತೋ ನಿಜವಾದ ಕನಸಿನ ಮಾತೋ ತೆಗೆದರೆ ಮೆಲ್ಲಗೆ ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ಸಂಕೋಚವಾಗುತ್ತದೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನನ್ನ ಬಗ್ಗೆ ಒಂದು ಸಂಗತಿಯನ್ನು ಮೊದಲೇ ಹೇಳಬೇಕು. ಅಮ್ಮನ ಮುಖ ನನಗೆ ಗೊತ್ತಿಲ್ಲ. ನಾನು ನಡೆಯಲು ಕಲಿಯುವ ಮೊದಲೇ ಅವರು ತೀರಿಕೊಂಡರು. ಇದ್ದ ಒಂದು ಮದುವೆಯ ಫೋಟೋ ಹೊಸಹಳ್ಳಿಯ ಬಾಡಿಗೆ ಮನೆಯಲ್ಲಿದ್ದಾಗಲೇ ಗೆದ್ದಲಿಗೆ ಹೋಯಿತಂತೆ. ಅಮ್ಮನ ಮಾತನ್ನು ಅಪ್ಪ ಎತ್ತುತ್ತಿರಲಿಲ್ಲ. ಅಮ್ಮ ಹೇಗಿದ್ದರು ಎಂದು ಕೇಳಿದರೆ, "ಇದ್ಲು, ಎಲ್ಲರ ಹಾಗೆ" ಎಂದು ಪೇಪರು ಎತ್ತಿಕೊಳ್ಳುತ್ತಿದ್ದರು. ಆಮೇಲಾಮೇಲೆ ನಾನು ಕೇಳುವುದನ್ನು ಬಿಟ್ಟೆ. ತಿಳಿಯಬೇಕೆಂಬ ಆಸೆ ಮಾತ್ರ ಬಿಡಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಆಗ ನಾವು ರಾಜಾಜಿನಗರದಲ್ಲಿದ್ದೆವು. ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದರು. ಊರು ನೋಡುವುದೆಂದರೆ ಅವರಿಗೆ ಪ್ರಾಣ. ಮಂಡಿನೋವು ಬಲಿತು ಗೇಟು ದಾಟುವುದೇ ಕಷ್ಟವಾದ ಮೇಲೆ, ಹೋಗಿ ಬಂದವರಿಂದ ಕೇಳಿ ಆ ಊರುಗಳ ಚಿತ್ರ ಬರೆಯತೊಡಗಿದರು. ಬೀದಿಯವರು ಎಲ್ಲಿಗೆ ಹೋಗಿಬಂದರೂ ಮೊದಲು ಮೇಷ್ಟ್ರ ಮನೆಗೆ ಹೋಗಿ ಕಂಡದ್ದನ್ನು ಒಪ್ಪಿಸುವುದು ರೂಢಿಯಾಗಿತ್ತು. ಬ್ಯಾಗು ಬಿಚ್ಚುವ ಮೊದಲೇ ಹೋಗಬೇಕು, ಅದು ಅವರ ನಿಯಮ.

"ಮನೆಯೋರಿಗೆ ಒಂದ್ಸಲ ಹೇಳಿಬಿಟ್ರೆ ಅದು ಕಥೆ ಆಗೋಗುತ್ತೆ ಕಣಮ್ಮ. ನನಗೆ ಕಥೆ ಬೇಡ" ಎನ್ನುತ್ತಿದ್ದರು.

ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಕಲ್ಲು ಕಾಲಿಗೆ ಸುಡುತ್ತಿತ್ತೋ ತಣ್ಣಗಿತ್ತೋ, ಇಂಥವೇ ಅವರ ಪ್ರಶ್ನೆಗಳು. ನಾನು ಮಾತು ಕಡಿಮೆಯವಳು, ಆದರೆ ಅವರೆದುರು ಕುಳಿತರೆ ಕಂಡದ್ದೆಲ್ಲ ಬಾಯಿಗೆ ಬರುತ್ತಿತ್ತು. ನಾನು ಹೇಳಿದ್ದನ್ನು ಕೇಳಿ ಅವರು ಬರೆದ ಸೋಮನಾಥಪುರದಲ್ಲಿ ಹೊರಗೋಡೆಯ ಮೂಲೆಗೆ ಒಂದು ನೆರಳಿತ್ತು. ಅದನ್ನು ನೋಡಿದಾಗ ಅಲ್ಲಿನ ತಂಪು ಅಂಗಾಲಿಗೆ ತಗುಲಿದ ಹಾಗಾಯಿತು. ಅಲ್ಲಿಗೆ ಹೋಗಿದ್ದವಳು ನಾನು, ಆದರೂ ಸರಿಯಾಗಿ ನೋಡಿದವರು ಅವರೇ ಅನ್ನಿಸಿತು. ಅಂಥ ಕೈ ಅವರದು. ಯಾವ ಪ್ರದರ್ಶನಕ್ಕೂ ಅವರು ಚಿತ್ರ ಕಳಿಸಿದವರಲ್ಲ.

ಅವರ ಹೆಂಡತಿಗೆ ಮಾತ್ರ ಇದೆಲ್ಲ ತಮಾಷೆ. "ಬಚ್ಚಲ ಕೊಳಾಯಿ ಸೋರ್ತಿರೋದು ಇವರ ಕಣ್ಣಿಗೆ ಬೀಳಲ್ಲ, ಜೋಗದ ನೀರು ಮಾತ್ರ ಕಾಣ್ಸುತ್ತೆ ನೋಡು!"

"ಜೋಗ ನಾನೆಲ್ಲಿ ನೋಡಿದೀನೇ? ಕೇಳಿದೀನಿ ಅಷ್ಟೆ" ಎಂದು ಮೇಷ್ಟ್ರು ನಗುತ್ತಿದ್ದರು.

ಅವರ ಒಂದು ಚಿತ್ರದಲ್ಲೂ ಮನುಷ್ಯರಿರಲಿಲ್ಲ. ಕಲ್ಲನ್ನೂ ನೀರನ್ನೂ ಕೇಳಿ ಬರೆಯಬಹುದು, ಮನುಷ್ಯರನ್ನು ನೋಡಿಯೇ ಬರೆಯಬೇಕು ಎಂಬುದು ಅವರ ಮಾತು.

ಒಂದು ವರ್ಷ ಕಾಲೇಜಿನ ಗೆಳತಿಯರೊಂದಿಗೆ ಮೇಲುಕೋಟೆಗೆ ಹೋಗಿದ್ದೆ. ಸಂಜೆ ಬಸ್ಸಿಳಿದವಳು ನೇರವಾಗಿ ಮೇಷ್ಟ್ರ ಮನೆಗೆ ಹೋಗಿ ಕಲ್ಯಾಣಿಯ ವಿಷಯ ಹೇಳಿದೆ. ಮೆಟ್ಟಿಲುಗಳ ಸವೆತ, ಮಂಟಪದ ಕಂಬಗಳು, ಹಸಿರು ತಿರುಗಿದ ನೀರು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

ಕೆಲವು ವಾರಗಳ ಮೇಲೆ ಚಿತ್ರ ಮುಗಿದಿದೆ ಎಂದು ಹೇಳಿಕಳಿಸಿದರು. ಅವರ ಕೈಯಿಂದ ಬಂದ ಅತ್ಯುತ್ತಮ ಚಿತ್ರ ಅದು. ಇಳಿಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಮಂಕಾಗುತ್ತ ನೀರಿಗಿಳಿದಿತ್ತು. ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ನಿಂತಿದ್ದಳು. ಕಂದು ಸೀರೆ. ಎಡಗೈಯನ್ನು ಬೆನ್ನ ಹಿಂದೆ ತಂದು ಬಲಗೈಯ ಮೊಣಕೈ ಹಿಡಿದುಕೊಂಡಿದ್ದಳು.

"ಇವರು ಯಾರು ಸಾರ್?"

"ಯಾರು ಅಂದ್ರೆ? ನೀನೇ ಹೇಳಿದ್ಯಲ್ಲಮ್ಮ."

"ಅವಳೆಲ್ಲಿ ಹೇಳಿದ್ಲು?" ಎಂದರು ಅವರ ಹೆಂಡತಿ. "ನಾನೂ ಇಲ್ಲೇ ಅವರೆಕಾಯಿ ಬಿಡಿಸ್ತಾ ಕೂತಿದ್ನಲ್ಲ. ನಿಮಗೆಲ್ಲೋ ಅರಳು ಮರಳು."

ಮೇಷ್ಟ್ರು ಗಲಿಬಿಲಿಗೊಂಡರು. ಕೊನೆಗೆ, ನಿನ್ನದೇ ಚಿತ್ರ, ತೊಗೊಂಡು ಹೋಗು ಎಂದರು.

ಮನೆಯಲ್ಲಿ ಚಿತ್ರವನ್ನು ಗೋಡೆಗೆ ಒರಗಿಸಿಟ್ಟೆ. ಆಫೀಸಿನಿಂದ ಬಂದ ಅಪ್ಪ ಷೂ ಬಿಚ್ಚಲು ಬಗ್ಗಿದವರು ಹಾಗೆಯೇ ನಿಂತುಬಿಟ್ಟರು. ಇದನ್ನು ಯಾರು ಬರೆದದ್ದು ಎಂದು ಕೇಳಿದರು. ಹೇಳಿದೆ. ಷೂ ಬಿಚ್ಚದೆಯೇ ಚಿತ್ರದ ಹತ್ತಿರ ಬಂದರು.

"ಮದುವೆಯಾದ ಹೊಸದರಲ್ಲಿ ಮೇಲುಕೋಟೆಗೆ ಹೋಗಿದ್ವಿ. ನಿಮ್ಮಮ್ಮ ನಿಂತ್ಕೊಳ್ತಿದ್ದಿದ್ದು ಹೀಗೇ."

ಅವರು ಅಲ್ಲಿಗೆ ಹೋಗಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ಅಮ್ಮನನ್ನು ಕಂಡವರಲ್ಲ. ಅಪ್ಪ ಅವರ ಮನೆಯ ಮೆಟ್ಟಿಲು ಹತ್ತಿದವರಲ್ಲ. ಬಹುಶಃ ನಾನೇ ಹಾಗೆ ನಿಲ್ಲುತ್ತೇನೇನೋ, ಮೇಷ್ಟ್ರು ನನ್ನನ್ನು ನೋಡಿ ಬರೆದಿರಬಹುದು ಎಂದು ಕನ್ನಡಿಯ ಮುಂದೆ ಹಾಗೆ ನಿಂತು ನೋಡಿದೆ. ಭುಜ ನೋಯಿತು. ಗೆಳತಿಯರನ್ನೂ ಕೇಳಿದೆ. ನೀನು ಯಾವಾಗಲೂ ಕೈಕಟ್ಟಿಯೇ ನಿಲ್ಲುವುದು ಎಂದರು. ಇನ್ನು ಆಕಸ್ಮಿಕ ಎನ್ನಬೇಕು. ಹಾಗೆಂದುಕೊಳ್ಳಲು ನಾನು ಈಗಲೂ ಪ್ರಯತ್ನಿಸುತ್ತೇನೆ, ಆದರೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಮರುದಿನ ಸಂಜೆ ಅಪ್ಪನಿಗೆ ಹೇಳಿಯೇ, ನಾಚಿಕೆ ಬಿಟ್ಟು ಮೇಷ್ಟ್ರಲ್ಲಿಗೆ ಹೋದೆ. ಅಪ್ಪ ಹೇಳಿದ್ದನ್ನೆಲ್ಲ ತಿಳಿಸಿ, ಆಕೆಯ ಮುಖವನ್ನೊಂದು ಬರೆದುಕೊಡಿ ಎಂದು ಬೇಡಿದೆ. ನಾನು ಯಾರಲ್ಲೂ ಏನನ್ನೂ ಹಾಗೆ ಬೇಡಿದವಳಲ್ಲ. ಮೇಷ್ಟ್ರು ಪೆನ್ಸಿಲ್ ಹಿಡಿದು, ಕಣ್ಣು ಮುಚ್ಚಿ ಕುಳಿತರು. ಒಳಗಿದ್ದ ಅವರ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು.

"ಬರೆಯೋಕೆ ನನಗೇನು ಕಷ್ಟ ಇಲ್ಲಮ್ಮ. ಆದರೆ ನಾನು ಬರೀತಿದ್ದಷ್ಟು ಹೊತ್ತೂ ಆಕೆ ಈ ಕಡೆ ತಿರುಗಲೇ ಇಲ್ಲವಲ್ಲ" ಎಂದರು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾದಿದ್ದರು. "ಬರೆದುಕೊಡ್ತಾರಂತಾ?"

"ಇಲ್ಲಪ್ಪ. ತಿರುಗಲಿಲ್ಲವಂತೆ."

ಅಪ್ಪ ಚಿತ್ರದ ಕಡೆ ನೋಡಿದರು. ಅವರ ತುಟಿಯಂಚಿನಲ್ಲಿ ಬಂದ ನಗುವನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

"ಅವಳು ಹಾಗೇನೇ ಕಣೇ. ಕರೆದ ತಕ್ಷಣ ತಿರುಗೋಳಲ್ಲ. ಕೂತ್ಕೋ, ಹೇಳ್ತೀನಿ."