ಹುಳದ ಮನೆಯ ಪಿಜ್ಜಾ ಹಿಟ್ಟು

ನಾನು ಏಳನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ದಿಬ್ಬೂರಹಳ್ಳಿಯಲ್ಲಿ ಪಿಜ್ಜಾ ಅನ್ನುವುದು ಟೀವಿಯೊಳಗೆ ಮಾತ್ರ ಇದ್ದ ತಿಂಡಿ. ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಬನ್ನು, ಪಫ್ಫು, ಖಾರದ ಬಿಸ್ಕತ್ತು ಸಿಗುತ್ತಿತ್ತು, ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಂತೂ ಅದೂ ಇಲ್ಲ. ವರ್ಷಕ್ಕೆ ಐದಾರು ಸಲ ರೇಷ್ಮೆ ಬೆಳೆ ಇಡುತ್ತಿದ್ದೆವು. ಹುಳ ಮನೆಯಲ್ಲಿದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಹೊರಗಿನವರು ಗೇಟು ದಾಟಿ ಒಳಗೆ ಬರುವಂತಿಲ್ಲ. ಇಂಥ ಮನೆಗಳಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ, ಹಿಪ್ಪುನೇರಳೆ ಸೊಪ್ಪು ಮತ್ತು ಬ್ಲೀಚಿಂಗ್ ಪೌಡರ್ ಬೆರೆತ ಆ ವಾಸನೆ ನಿಮ್ಮ ಮೂಗಿನಲ್ಲೂ ಇರುತ್ತದೆ. ತಿಂಗಳುಗಟ್ಟಲೆ ಸಪ್ಪೆ ಸಾರು ಉಂಡವಳು ನಾನು. ನಾಲಿಗೆಗೆ ಹಟ ಹತ್ತಿದ್ದರೆ ಅದರ ತಪ್ಪಲ್ಲ.

ಹುಳದ ಮನೆಗೆ ನಮ್ಮಜ್ಜಿಯೇ ಒಡತಿ. ಅಜ್ಜಿ ಬಾಗೇಪಲ್ಲಿ ಕಡೆಯವಳು. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಅಪ್ಪನೂ ಅಮ್ಮನೂ ಅವಳ ಮಾತು ಮೀರುತ್ತಿರಲಿಲ್ಲ.

ಆ ವರ್ಷ ಸ್ಕೂಲಿನಿಂದ ನಂದಿಗೆ ಕರೆದುಕೊಂಡು ಹೋಗಿದ್ದರು. ವಾಪಸ್ಸು ಬರುವಾಗ ಮೇಷ್ಟ್ರು ಟೀ ಕುಡಿಯಲೆಂದು ಚಿಕ್ಕಬಳ್ಳಾಪುರದಲ್ಲಿ ಬಸ್ ನಿಲ್ಲಿಸಿದರು. ರಸ್ತೆಯಾಚೆ ಒಂದು ಗಾಜಿನ ಅಂಗಡಿ. ನಾನೂ ನಸ್ರೀನೂ ಓಡಿಹೋಗಿ ಗಾಜಿಗೆ ಮೂಗು ಒತ್ತಿ ನಿಂತೆವು. ನಸ್ರೀನ್ ನನ್ನ ಬೆಂಚಿನವಳು. ಅವರಪ್ಪನದು ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿ. ಗಾಜಿನಾಚೆ ಒಬ್ಬಾಕೆ ಪಿಜ್ಜಾದ ತುಂಡನ್ನು ಎತ್ತಿದಳು. ಅದರ ಜೊತೆ ಚೀಸ್ ಎಳೆಎಳೆಯಾಗಿ ಮೇಲೆದ್ದು ಬಂತು.

"ಎಷ್ಟೇ ಅದು?" ಅಂದಳು ನಸ್ರೀನ್.

"ಬೋರ್ಡ್ ಓದು."

ಇಬ್ಬರೂ ಓದಿದೆವು, ಓದಿ ಗಾಜಿನಿಂದ ಹಿಂದೆ ಸರಿದೆವು. ನಸ್ರೀನಳ ಮುಖ ಸಣ್ಣದಾಗಿದ್ದು ನನಗೆ ತಡೆಯಲಾಗಲಿಲ್ಲ.

"ಬಿಡೇ, ನಾನೇ ನಿಂಗೆ ಮಾಡ್ಕೊಡ್ತೀನಿ," ಅಂದುಬಿಟ್ಟೆ.

"ನೀನಾ? ನಿಮ್ಮನೇಲಿ ಒಗ್ಗರಣೆನೇ ಹಾಕಲ್ಲ, ಪಿಜ್ಜಾ ಮಾಡ್ತಾಳಂತೆ!"

ಬಸ್ಸು ಹತ್ತಿದ ಮೇಲೂ ಅವಳು ಇದನ್ನೇ ಆಡಿ, ಎಲ್ಲರೂ ಕೇಳಿಸಿಕೊಂಡರು. ದಿಬ್ಬೂರಹಳ್ಳಿ ಬರುವಷ್ಟರಲ್ಲಿ ನನ್ನ ಹೆಸರು ಮಂಜುಳ ಹೋಗಿ ಪಿಜ್ಜಾ ಮಂಜಿ ಆಯಿತು. ಅವರು ನಕ್ಕಷ್ಟೂ ನಾನು ಹಲ್ಲು ಕಚ್ಚಿಕೊಂಡು ಕೂತೆ. ಮಾಡೇ ಮಾಡ್ತೀನಿ ಅಂತ.

ಧನುರ್ಮಾಸದಲ್ಲಿ ಒಂದು ದಿನ ನಸ್ರೀನ್ ಊಟದ ಬೆಲ್ಲಿನಲ್ಲಿ ಡಬ್ಬಿ ತೆಗೆಯದೆ ಕೂತಿದ್ದಳು. ಅವರಪ್ಪನಿಗೆ ಶಿಡ್ಲಘಟ್ಟದಲ್ಲಿ ರೀಲಿಂಗ್ ಮನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಗೂಡು ಬೇಯಿಸಿ ನೂಲು ತೆಗೆಯುವ ಜಾಗ, ಹಿಂದೆಯೇ ಇರಲಿಕ್ಕೆ ಮನೆಯನ್ನೂ ಕೊಡುತ್ತಾರಂತೆ. ಸಂಕ್ರಾಂತಿ ಆದ ಮೇಲಿನ ಭಾನುವಾರ ಹೊರಡುವುದು.

"ನಿನ್ ಪಿಜ್ಜಾ ತಿನ್ನೋ ಭಾಗ್ಯ ಇಲ್ಲ ಬಿಡು," ಅಂದಳು. ತಮಾಷೆಗೇ ಅಂದಿದ್ದು. ಆದರೆ ನನಗೆ ಅಂದು ಊಟ ಸೇರಲಿಲ್ಲ. ಆಡಿದ ಮಾತು ನಡೆಸಲಿಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು.

ಮಾಡುವ ವಿಧಾನ ಟೀವಿಯಲ್ಲಿ ಸಿಕ್ಕಿತು. ಭಾನುವಾರ ಮಧ್ಯಾಹ್ನದ ಅಡುಗೆ ಕಾರ್ಯಕ್ರಮದಲ್ಲಿ ಬರುತ್ತಿದ್ದುದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಕಾಲು ಕೆಜಿ ಮೈದಾ, ಅರ್ಧ ಚಮಚ ಉಪ್ಪು, ಚಮಚ ಸಕ್ಕರೆ, ಎರಡು ಚಮಚ ಎಣ್ಣೆ, ಈಸ್ಟ್. ಇಷ್ಟಾಗುವಾಗ ಕರೆಂಟು ಹೋಯಿತು. ಆಮೇಲೆ ಏನು ಮಾಡಬೇಕು ಅನ್ನುವುದನ್ನು ನಾನೇ ಕಂಡುಕೊಳ್ಳಬೇಕಾಯಿತು.

ಮೈದಾ ಮನೆಯಲ್ಲೇ ಇತ್ತು, ಹಬ್ಬದ ಹೋಳಿಗೆಗೆ ತಂದದ್ದರಲ್ಲಿ ಮಿಕ್ಕಿದ್ದು. ಈಸ್ಟಿಗಾಗಿ ಬೇಕರಿ ಅಣ್ಣನ ಮುಂದೆ ಮೂರು ದಿನ ನಿಂತೆ.

"ಏನಮ್ಮ, ನೀನೂ ಒಂದು ಬೇಕರಿ ಇಡ್ತೀಯಾ?" ಎಂದು ಕಾಡಿಸಿ, ಕೊನೆಗೆ ಅಡಿಕೆ ಗಾತ್ರದ ಉಂಡೆಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಟ್ಟ. ಕಾಸು ತಗೊಳ್ಳಲಿಲ್ಲ. "ಉಗುರುಬೆಚ್ಚಗಿನ ನೀರಲ್ಲಿ ಕದಡು. ಕೈ ಸುಡೋ ಹಂಗಿದ್ರೆ ಸತ್ತೋಗುತ್ತೆ ನೋಡು."

"ಏನಣ್ಣ ಸತ್ತೋಗೋದು?"

"ಅದೇ," ಅಂದವನು ಬನ್ನು ಕುಯ್ಯಲು ತಿರುಗಿದ.

ಬುಧವಾರ ಸಂಜೆ ಅರ್ಧ ಈಸ್ಟ್ ಹಾಕಿ ಮೊದಲ ಸಲ ಕಲಸಿದೆ. "ಹೋಳಿಗೆ ಕಣಕ ನಾದ್ದಂಗೆ ನಾದು, ಎಳೆದ್ರೆ ಬರ್ಬೇಕು, ಹರೀಬಾರ್ದು," ಅಂತ ಅಮ್ಮ ಹಿತ್ತಲಿನಿಂದಲೇ ಹೇಳಿದಳು. ಅಂಗೈ ಕೆಂಪಾಗುವವರೆಗೂ ನಾದಿ, ಬೋಗುಣಿಯಲ್ಲಿ ಮುಚ್ಚಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಇಟ್ಟ ಹಾಗೇ ಇದೆ. ನೆಲವೇ ಕೊರೆಯುತ್ತಿತ್ತು, ಆ ಚಳಿಯಲ್ಲಿ ದೋಸೆ ಹಿಟ್ಟೂ ಹುಳಿ ಬರುತ್ತಿರಲಿಲ್ಲ. ಅಮ್ಮ ಅದನ್ನು ಲಟ್ಟಿಸಿ ಚಪಾತಿ ಮಾಡಿ ಹಾಕಿದಳು. ಅಪ್ಪ ಎರಡು ತಿಂದು, "ಚಪಾತಿ ಯಾಕೋ ರಬ್ಬರ್ ಇದ್ದಂಗಿದೆ," ಅಂದರು.

ಊರಿಗೆಲ್ಲ ಚಳಿ ಇದ್ದರೂ ನಮ್ಮ ಮನೆಯಲ್ಲಿ ಒಂದು ಜಾಗ ಮಾತ್ರ ಬೆಚ್ಚಗಿತ್ತು. ಹುಳದ ಮನೆ. ನಾಲ್ಕನೇ ಜ್ವರ ಎದ್ದ ಹುಳ ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಂಕಾಗಿ ಮಲಗುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಚಳಿ ತಾಗದಂತೆ ಅಜ್ಜಿ ಹೊಗೆ ಆರಿದ ಕೆಂಡವನ್ನು ಬಾಂಡಲಿಯಲ್ಲಿ ತುಂಬಿ ಒಳಗಿಡುತ್ತಿದ್ದಳು.

ಶುಕ್ರವಾರ ಸ್ಕೂಲಿಂದ ಬಂದವಳೇ ಮಿಕ್ಕ ಈಸ್ಟ್ ತಗೊಂಡೆ. ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿ ಇರುತ್ತಿತ್ತು. ಒಳಗೆ ಹೋಗುವ ತಟ್ಟೆ, ಕುಕ್ಕೆ, ಕುಡುಗೋಲು, ನಮ್ಮ ಕೈಕಾಲು, ಎಲ್ಲವನ್ನೂ ಅದರಲ್ಲಿ ಅದ್ದಿಯೇ ಹೋಗಬೇಕು. ಕದ್ದು ಮಾಡುವ ಕೆಲಸವಾದರೂ ಮನೆಯ ಕಟ್ಟಳೆ ನನಗೆ ಮೈಗಂಟಿತ್ತು. ಬೋಗುಣಿಯನ್ನು ತೊಟ್ಟಿಯಲ್ಲಿ ಎರಡು ಸಲ ಮುಳುಗಿಸಿ ತೆಗೆದೆ. ಮೊಣಕೈವರೆಗೂ ಕೈ ಅದ್ದಿದೆ. ಒರೆಸದೆ, ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ ಕೂತು, ತೊಟ್ಟಿಕ್ಕುತ್ತಿದ್ದ ಕೈಯಲ್ಲೇ ಹಿಟ್ಟು ಕಲಸಿದೆ. ಹುಳದ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕೆಳಗೆ ಬೋಗುಣಿ ತಳ್ಳಿಟ್ಟು ಬಂದೆ.

ಎರಡು ಗಂಟೆಯ ಮೇಲೆ ಹೋಗಿ ಮುಚ್ಚಳ ತೆಗೆದರೆ ಒಂದು ಗುಳ್ಳೆಯೂ ಇಲ್ಲ. ಬೆರಳಲ್ಲಿ ಒತ್ತುತ್ತಿದ್ದಾಗಲೇ ಸೊಪ್ಪಿನ ಕುಕ್ಕೆ ಹೊತ್ತು ಅಜ್ಜಿ ಒಳಗೆ ಬಂದಳು.

"ಏಮೇ ಇದಿ?" ಏನೇ ಇದು ಅಂತ ತೆಲುಗು ಶುರುವಾಯಿತು. ಕಿವಿ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಮಿಕ್ಕಿದ್ದು ನನಗೆ ನಾಟಲೆಂದು ಕನ್ನಡದಲ್ಲೇ. "ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಲ್ಲಿ ಒಳಗೆ ಹುಳಿ ವಾಸ್ನೆ ಇಡ್ತೀಯೇನೇ? ಇಡೀ ಮನೆ ಇದ್ರ ಮೇಲೆ ಕೂತಿದೆ ಅಂತ ಗೊತ್ತಿಲ್ವಾ ನಿಂಗೆ?"

ನನಗೆ ಹೆದರಿಕೆಗಿಂತ ಸೋತ ಸಿಟ್ಟೇ ಹೆಚ್ಚಾಗಿತ್ತು. "ಹುಳಿನೂ ಬಂದಿಲ್ಲ, ಏನೂ ಬಂದಿಲ್ಲ ಅಜ್ಜಿ! ಇಷ್ಟು ಬೆಚ್ಚಗಿದ್ರೂ ಉಬ್ತಿಲ್ಲ! ನಸ್ರೀನ್ ನಾಡಿದ್ದು ಹೋಗ್ಬಿಡ್ತಾಳೆ!" ಎಂದು ಅಳಲಿಕ್ಕೆ ಶುರು ಮಾಡಿದೆ. ಎಲ್ಲ ಕಥೆಯೂ ಹೊರಗೆ ಬಂತು. ಬಸ್ಸಿನಲ್ಲಿ ನಕ್ಕವರ ಹೆಸರೂ ಬಿಡಲಿಲ್ಲ.

ಅಜ್ಜಿ ಕಿವಿ ಬಿಟ್ಟಳು. ನನ್ನ ಕೈ ಎತ್ತಿ ಮೂಸಿದಳು, ಆಮೇಲೆ ಬೋಗುಣಿ ಮೂಸಿದಳು.

"ಬೋಗುಣಿ ತೊಟ್ಟೀಲಿ ಅದ್ದಿದ್ಯಾ?"

"ಹೂಂ. ಎರಡು ಸಲ."

"ಕೈ?"

"ಕೈಯೂ."

ಅಜ್ಜಿಗೆ ನಗು ಬಂತು, ತಡೆದುಕೊಂಡಳು. "ಆ ನೀರು ಇಟ್ಟಿರೋದೇ ಕಣ್ಣಿಗೆ ಕಾಣ್ದಿರೋದನ್ನ ಸಾಯ್ಸೋಕೆ ಕಣಮ್ಮ. ಹಿಟ್ಟನ್ನ ಉಬ್ಬಿಸೋದೂ ಅಂಥದ್ದೇ ಒಂದು ಜೀವ. ನೀನೇ ಕೈಯಾರೆ ಕೊಂದು, ಉಬ್ಬಲಿಲ್ಲ ಅಂತ ಅಳ್ತಾ ಕೂತಿದ್ದೀಯಲ್ಲೇ."

ಬೇಕರಿ ಅಣ್ಣ ಸತ್ತೋಗುತ್ತೆ ಅಂದಿದ್ದು ಏನು ಅಂತ ಆಗ ಗೊತ್ತಾಯಿತು. ಅಜ್ಜಿ ಒಂದು ಅಕ್ಷರ ಓದಿದವಳಲ್ಲ. ಆದರೆ ಕಣ್ಣಿಗೆ ಕಾಣದ ಜೀವಗಳನ್ನು ದೂರ ಇಟ್ಟುಕೊಂಡೇ ಐವತ್ತು ವರ್ಷ ಹುಳ ಮೇಯಿಸಿದ್ದಳು.

ಶನಿವಾರ ಮತ್ತೆ ಬೇಕರಿ ಮುಂದೆ ನಿಂತೆ. ಅಣ್ಣ ಈ ಸಲ ನಗಲಿಲ್ಲ, ಇನ್ನೊಂದು ಉಂಡೆ ಕೊಟ್ಟ. ಭಾನುವಾರ ಬೆಳಿಗ್ಗೆ ಏಳಕ್ಕೆ ಎದ್ದು ಬೋಗುಣಿಯನ್ನು ಸೀಗೆಪುಡಿಯಲ್ಲಿ ತಿಕ್ಕಿ, ಮೂರು ಸಲ ಬಿಸಿನೀರಲ್ಲಿ ತೊಳೆದೆ. ಸಕ್ಕರೆ ಹಾಕಿದ ಬೆಚ್ಚನೆ ನೀರಿಗೆ ಈಸ್ಟ್ ಹಾಕಿ ಕಾದೆ. ಹತ್ತು ನಿಮಿಷಕ್ಕೆ ಮೇಲೆ ನೊರೆ ಕಟ್ಟಿತು. ನಾನು ಕೂಗಿದ್ದು ಕೇಳಿ ಅಮ್ಮ ಏನೋ ಆಯಿತೆಂದು ಓಡಿಬಂದಳು. ನಾದಿದ ಹಿಟ್ಟಿಗೆ ಎಣ್ಣೆ ಸವರಿ, ಬಚ್ಚಲು ಒಲೆಯ ಹಂಡೆ ಪಕ್ಕ ಕಂಬಳಿ ಸುತ್ತಿ ಇಟ್ಟವಳು ಅಜ್ಜಿಯೇ. "ಹತ್ತು ಗಂಟೆವರ್ಗೂ ಮುಟ್ಬೇಡ," ಅಂದಳು.

ಮಿಕ್ಕಿದ್ದೆಲ್ಲ ತಯಾರು ಮಾಡಿಕೊಂಡೆ. ಟೊಮ್ಯಾಟೊ ಬೇಯಿಸಿ ಉಪ್ಪು ಖಾರ ಹಾಕಿ ಗೊಜ್ಜು. ಚೀಸ್ ಎಲ್ಲಿಂದ ಬರಬೇಕು, ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆಸಿ ಬಟ್ಟೆಯಲ್ಲಿ ಕಟ್ಟಿದೆ. ಟೀವಿಯವಳು ಶುರುವಿನಲ್ಲೇ ಯಾವುದೋ ಒಣಗಿದ ಎಲೆ ತೋರಿಸಿದ್ದಳು, ನಾನು ಹಿತ್ತಲಿನ ದೊಡ್ಡಪತ್ರೆ ಕಿತ್ತು ಹೆಚ್ಚಿದೆ. ಗೊಜ್ಜು, ಹಾಲು ಸುಟ್ಟ ವಾಸನೆ ಮನೆಯಲ್ಲಿ ಏಳುವಂತಿಲ್ಲವಾದ್ದರಿಂದ ತೋಟದ ಪಂಪ್‌ಸೆಟ್ ಹತ್ತಿರ ಮೂರು ಕಲ್ಲು ಹೂಡಿ, ಕಾವಲಿ ಹೊತ್ತು ಹಾಕಿ ಬಂದೆ. ನಸ್ರೀನ್ ಮನೆಯವರು ಹೊರಡುವುದು ಮಧ್ಯಾಹ್ನದ ನಮಾಜ್ ಆದ ಮೇಲೆ. ಹನ್ನೊಂದಕ್ಕೆ ಅವಳು ತೋಟಕ್ಕೆ ಬರುವುದೆಂದು ಮಾತಾಗಿತ್ತು.

ಹತ್ತು ಗಂಟೆಗೆ ಗೇಟಿನಾಚೆಯಿಂದ ಕೂಗು ಕೇಳಿತು. ಹುಳ ಇದ್ದಾಗ ನಸ್ರೀನ್ ಗೇಟಿನಾಚೆಯೇ ನಿಲ್ಲುತ್ತಿದ್ದಳು, ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮಂಜೂ, ಟೆಂಪೋ ಬಂದ್ಬಿಡ್ತು ಕಣೇ! ಡ್ರೈವರ್‌ಗೆ ಮಧ್ಯಾಹ್ನ ಬೇರೆ ಲೋಡ್ ಇದೆಯಂತೆ. ಸಾಮಾನೆಲ್ಲ ಹತ್ಸಾಯ್ತು. ನಮ್ಮ ಅಬ್ಬಾ ಬೈತಿದ್ದಾರೆ, ಬರೀ ಹೇಳಿ ಹೋಗಣ ಅಂತ ಬಂದೆ."

ಬಚ್ಚಲಿಗೆ ಓಡಿ ಕಂಬಳಿ ಬಿಡಿಸಿದೆ. ಹಿಟ್ಟು ಬೋಗುಣಿಯ ಅಂಚಿಗೆ ಬಂದಿತ್ತು. ದುಂಡಗೆ, ನುಣ್ಣಗೆ. ಒತ್ತಿದ ಬೆರಳಿನ ಗುರುತು ಮೆಲ್ಲಗೆ ತುಂಬಿಕೊಂಡಿತು. ಎರಡು ಸಲ ಕೆಟ್ಟು ಮೂರನೇ ಸಲ ಸರಿಯಾಗಿದೆ. ಇದನ್ನು ನಾನೊಬ್ಬಳೇ ಕೂತು ತಿನ್ನುವುದಾ? ಆಗುವುದಿಲ್ಲ ಅಂದುಕೊಂಡೆ.

ಬೋಗುಣಿಯನ್ನು ಎತ್ತಿಕೊಂಡೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡರೆ, ಕಂಬಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಬೋಗುಣಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. "ಗಾಳಿ ತಾಗ್ಬಾರ್ದು. ಹೋಗು, ಕೊಟ್ಬಿಡು."

ಗೇಟಿನ ಮೇಲಿನಿಂದ ಬೋಗುಣಿಯನ್ನು ನಸ್ರೀನಳ ಕೈಗಿಟ್ಟೆ. ಗೊಜ್ಜಿನ ಡಬ್ಬಿ, ಒಡೆದ ಹಾಲಿನ ಗಂಟು, ದೊಡ್ಡಪತ್ರೆ, ಎಲ್ಲವನ್ನೂ ಅವಳ ತೋಳಿಗೆ ತುರುಕಿದೆ.

"ಏನೇ ಇದು, ಮಗು ಎತ್ಕೊಂಡಂಗಿದೆ! ಇದನ್ನ ನಾನೇನ್ ಮಾಡ್ಲಿ?"

"ತೊಡೆ ಮೇಲೆ ಇಟ್ಕೊ, ಕೆಳಗಿಡಬೇಡ, ಟೆಂಪೋ ತಳ ತಣ್ಣಗಿರುತ್ತೆ. ಮನೆಗೆ ಹೋದ ತಕ್ಷಣ ಕಾವಲಿ ಮೇಲೆ ದಪ್ಪಕ್ಕೆ ತಟ್ಟು. ಗೊಜ್ಜು ಸವರು. ಮುಚ್ಚಳ ಮುಚ್ಚಿ ಸಣ್ಣ ಉರೀಲಿ ಇಡು. ಮುಚ್ಚಳದ ಮೇಲೂ ಕೆಂಡ ಹಾಕು. ಮರೀಬೇಡ."

"ಮಂಜೂ, ನೀನು?"

"ನನ್ನ ಪಾಲು ಕಳ್ಸು, ಬಸ್ಸಲ್ಲಿ."

ಟೆಂಪೋ ನಮ್ಮ ಬೀದಿಯ ತುದಿಯಲ್ಲೇ ತಿರುಗಿ ಹೋಯಿತು. ಮುಂದಿನ ಸೀಟಿನಲ್ಲಿ ತನ್ನ ಅಪ್ಪ ಅಮ್ಮನ ನಡುವೆ ಅವಳು ಬೋಗುಣಿ ತಬ್ಬಿಕೊಂಡು ಕೂತಿದ್ದಳು. ಕೈ ಬೀಸಲಿಕ್ಕೆ ಅವಳಿಗೆ ಕೈ ಖಾಲಿ ಇರಲಿಲ್ಲ. ನಾನು ಮಾತ್ರ ಬೀಸಿದೆ.

ಗುರುವಾರ ಶಿಡ್ಲಘಟ್ಟದ ಬಸ್ಸಿನ ಕಂಡಕ್ಟರ್ ಬೋಗುಣಿ ತಂದುಕೊಟ್ಟರು. ಸೋಮವಾರವೇ ಅವರ ಕೈಗೆ ಬಂದಿತ್ತಂತೆ. ಅಂದು ಕೊಡಲು ಮರೆತು, ಮರುದಿನದಿಂದ ಅವರು ಎರಡು ದಿನ ರಜಾ ಹಾಕಿದ್ದರು, ಗಂಟು ಸೀಟಿನ ಕೆಳಗೇ ಉಳಿದಿತ್ತು. ಒಳಗೊಂದು ಚೀಟಿ. "ಚೆನ್ನಾಗಿ ಉಬ್ಬಿತ್ತು. ಅಬ್ಬಾ ಎರಡು ಸಲ ಹಾಕಿಸ್ಕೊಂಡ್ರು. ಅರ್ಧ ನಿಂಗೆ." ಚೀಟಿಯ ಕೆಳಗಿದ್ದ ಅರ್ಧದ ಮೇಲೆಲ್ಲ ಹಸಿರು ಬೂಸಲು ಹಿಡಿದಿತ್ತು. ಮೇಲಿನದನ್ನು ಕೆರೆದು ತಿಂತೀನಿ ಅಂತ ಹಟ ಹಿಡಿದೆ. ಅಜ್ಜಿ ಬಿಡಲಿಲ್ಲ. ಅವಳೇ ಅದನ್ನು ತಿಪ್ಪೆಗೆ ಹಾಕಿ ಬಂದು, ನನ್ನ ಪಕ್ಕ ಕೂತಳು.

ಈಗ ಅಜ್ಜಿ ಇಲ್ಲ. ಹುಳ ಮೇಯಿಸುವುದನ್ನು ನಾವು ಬಿಟ್ಟಾಯಿತು, ಆ ಮನೆಯಲ್ಲಿ ಟೊಮ್ಯಾಟೊ ಕ್ರೇಟುಗಳು ತುಂಬಿವೆ. ಅಲ್ಲಿ ಒಗ್ಗರಣೆ ಹಾಕಿದರೆ ಕೇಳುವವರಿಲ್ಲ. ನಾನು ಚಿಂತಾಮಣಿಯಲ್ಲಿ ಟೀಚರ್. ಸ್ಕೂಲಿಗೆ ಹೋಗುವ ದಾರಿಯಲ್ಲೇ ಎರಡು ಪಿಜ್ಜಾ ಅಂಗಡಿಗಳಿವೆ, ಫೋನ್ ಮಾಡಿದರೆ ಮನೆಗೇ ತರುತ್ತಾರೆ. ಬೇಕಾದಷ್ಟು ತಿಂದಿದ್ದೇನೆ. ಆದರೆ ಅಷ್ಟು ಹಟ ಮಾಡಿ ಮಾಡಿದ ಅದೊಂದರ ರುಚಿ ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ನಸ್ರೀನ್ ಮದುವೆಯಾಗಿ ಗೌರಿಬಿದನೂರಿನಲ್ಲಿದ್ದಾಳೆ. ಹಬ್ಬಕ್ಕೊಂದು ಮೆಸೇಜು, ಅಷ್ಟಕ್ಕೇ ಬಂದು ನಿಂತಿದೆ ನಮ್ಮಿಬ್ಬರ ಒಡನಾಟ. ಹೋದ ತಿಂಗಳು ನಾನೇ ಫೋನ್ ಮಾಡಿ ಕೇಳಿದೆ, "ಅವತ್ತು ಹೆಂಗಿತ್ತೇ ಆ ಪಿಜ್ಜಾ?"

"ಸುಳ್ಳು ಹೇಳಲ್ಲ ಕಣೇ ಮಂಜೂ, ತಿಂದಿದ್ದು ಜ್ಞಾಪಕನೇ ಇಲ್ಲ. ಊರು ಬಿಟ್ಟು ಹೋಗ್ತಿದೀನಿ ಅಂತ ದಾರಿಯುದ್ದಕ್ಕೂ ಅಳ್ತಿದ್ದೆ. ತೊಡೆ ಮೇಲೆ ಬೆಚ್ಚಗಿತ್ತಲ್ಲ, ಅದು ಮಾತ್ರ ಜ್ಞಾಪಕ ಇದೆ. ಟೆಂಪೋ ಕುಲುಕಿದಾಗೆಲ್ಲ ಗಟ್ಟಿಯಾಗಿ ಹಿಡ್ಕೋತಿದ್ದೆ."

ಈಗಲೂ ಚಳಿಗಾಲದಲ್ಲಿ ಒಂದೆರಡು ಸಲ ಹಿಟ್ಟು ನಾದುತ್ತೇನೆ. ಓವನ್ನಿನೊಳಗೆ ಲೈಟು ಹಾಕಿ ಇಟ್ಟರೆ ಒಂದು ಗಂಟೆಗೆ ಉಬ್ಬಿ ಕೂತಿರುತ್ತದೆ, ಒಂದು ದಿನವೂ ಕೆಟ್ಟಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾ ಊರು ದಾಟುವವರು ಈಗ ನನಗೆ ಯಾರೂ ಇಲ್ಲ.