ಅಂಕಲ್ ಕೊಟ್ಟ ರಾಣಿಯ ಪಾರ್ಟು

ಸೋಫಾದಿಂದ ಏಳಬೇಕಾದರೆ ಮಂಡಿ ಹಿಡಿದು 'ಅಮ್ಮಾ' ಎನ್ನುತ್ತಿದ್ದ ಶ್ರೀಕಂಠ ಅಂಕಲ್, ಮೈಕ್ ಕೈಗೆ ಬಂದರೆ ಕಲ್ಲುಕಂಬ ಉರುಳಿಸುವ ಪೈಲ್ವಾನನಿಗೆ ದನಿಯಾಗುತ್ತಿದ್ದರು. ಅಮೆರಿಕದ ಫ್ಲೂಗರ್‌ವಿಲ್ ಎಂಬ ಊರಿನ ಅವರ ಮನೆಯ ಗ್ಯಾರೇಜೇ ಅಲ್ಲಿನ ಕನ್ನಡದವರಾದ ನಮ್ಮ ಟಾಕೀಸು. ಶನಿವಾರ ಸಂಜೆ ಕಾರು ಹೊರಗೆ ನಿಲ್ಲಿಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಇಟಲಿಯವರು ಅರವತ್ತರ ದಶಕದಲ್ಲಿ ತೆಗೆದ ಕತ್ತಿ-ಗುರಾಣಿಯ ಚಿತ್ರಗಳನ್ನು ಹಾಕುತ್ತಿದ್ದರು. ಸೌಂಡ್ ಪೂರ್ತಿ ಆಫ್. ಮಾತೆಲ್ಲ ಕನ್ನಡದಲ್ಲಿ, ಅವರದೇ.

"ಅಮೆರಿಕದೋರು ಈ ಪಿಕ್ಚರ್‌ಗಳ ಹೆಸರು ಬದಲಾಯಿಸಿದ್ರು, ಬೇಕಾದಲ್ಲಿ ಕತ್ತರಿಸಿದ್ರು, ಇಂಗ್ಲಿಷ್ ಮಾತು ತುರುಕಿದ್ರು," ಎನ್ನುತ್ತಿದ್ದರು. "ಮೈಸೂರಿಗೂ ಅದೇ ಪ್ರಿಂಟ್ ಬರ್ತಿತ್ತು. ಮೈ ಒಬ್ಬಂದು, ಬಾಯಿ ಇನ್ನೊಬ್ಬಂದು. ಎಣ್ಣೆ ಹಚ್ಕೊಂಡು ಕಂಬ ಹೊತ್ತೋನ ದನೀನ ಯಾರೂ ಕೇಳ್ಲೇ ಇಲ್ಲ, ಪಾಪ."

ಒಂದು ದಿನ ನನ್ನನ್ನು ಕರೆದು, "ರಾಣಿ ಪಾರ್ಟು ಮಾಡ್ತೀಯೇನಮ್ಮ?" ಎಂದರು.

"ನಮ್ಮ ಧಾರವಾಡದ ಮಾತು ನಡೀತದೇನ್ರಿ ಅಂಕಲ್?"

"ನಡಿಯೋದೇನು, ಓಡತ್ತೆ."

ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ನಾನು ಬಾಯಿ ತೆರೆದರೆ ಸಾಕು, ನಗುವವರೇ ಹೆಚ್ಚು. ಈ ಗ್ಯಾರೇಜಿನಲ್ಲಿ "ಕಂಬಾ ಕೆಡವಾಂವ ನೀ ಆದ್ರ, ಊರು ಕಟ್ಟಾಕಿ ನಾ ಇದ್ದೀನಿ" ಎಂದರೆ ಚುರುಮುರಿ ತಿನ್ನುತ್ತಿದ್ದವರ ಕೈ ನಿಲ್ಲುತ್ತಿತ್ತು. ಆ ಮರ್ಯಾದೆ ಅಂಕಲ್ ಕೊಡಿಸಿದ್ದು. ಅದಕ್ಕಾಗಿ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ.

ಡಲ್ಲಾಸ್‌ನ ಕನ್ನಡದವರು ದೊಡ್ಡ ಹಾಲ್‌ನಲ್ಲಿ ನಮ್ಮ ಶೋ ಇಟ್ಟರು. ಅಂಕಲ್‌ಗೆ ಕಣ್ಣು ಸರಿ ಕಾಣದೆಂದು ನಾನೇ ಡ್ರೈವ್ ಮಾಡಿ ಕರೆದೊಯ್ದೆ. ಪರದೆಯ ಮೇಲೆ ರಾಣಿ ಬಂದಳು. ಮೈಕಿನ ಮುಂದೆ ಬಾಯಿ ತೆರೆದೆ. ಸ್ಪೀಕರಿನಿಂದ ಬೇರೆ ಯಾರೋ ಹೆಂಗಸಿನ ದನಿ ಬಂತು. ನನ್ನ ಮಾತುಗಳೇ, ಬೆಂಗಳೂರು ಕನ್ನಡದಲ್ಲಿ, ಮೊದಲೇ ರೆಕಾರ್ಡ್ ಮಾಡಿದ್ದು. ನನ್ನ ಮೈಕ್ ಆಫ್ ಆಗಿತ್ತು. ತಿರುಗಿ ನೋಡಿದರೆ ಅಂಕಲ್, ತುಟಿ ಆಡಿಸುತ್ತಿರು ಎಂದು ಕೈಸನ್ನೆ ಮಾಡಿದರು. ಆಡಿಸಿದೆ, ಚಿತ್ರ ಮುಗಿಯುವವರೆಗೂ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ: "ಮೊದಲ ಹೇಳಬೇಕಿತ್ತಲ್ರಿ ಅಂಕಲ್."

"ಹೇಳಿದ್ರೆ ನೀನು ಬರ್ತಿರ್ಲಿಲ್ಲ. ದೊಡ್ಡ ಹಾಲ್ ಅಮ್ಮ, ಎಲ್ರಿಗೂ ಅರ್ಥ ಆಗ್ಬೇಕಲ್ವಾ? ಬೇಜಾರ್ ಮಾಡ್ಕೋಬೇಡ."

ಅರ್ಧ ದಾರಿಯ ವೇಕೋ ಊರು ದಾಟುವ ಮೊದಲೇ ಗೊರಕೆ ಹೊಡೆಯತೊಡಗಿದರು. ನಂಬಿಸಿ ಕತ್ತು ಕೊಯ್ದವರಿಗೆ ಇಷ್ಟು ಒಳ್ಳೆಯ ನಿದ್ದೆ ಹೇಗೆ ಬರುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಮನೆ ಮುಂದೆ ಇಳಿಸಿದೆ. ಆ ಗ್ಯಾರೇಜಿಗೆ ಮತ್ತೆ ಕಾಲಿಡಲಿಲ್ಲ, ಅವರೂ ಫೋನ್ ಮಾಡಲಿಲ್ಲ.

ಮರುವರ್ಷ, ಇದ್ಯಾವುದೂ ಗೊತ್ತಿಲ್ಲದ ಹ್ಯೂಸ್ಟನ್‌ನ ಗೆಳತಿಯೊಬ್ಬಳು ಫೋನ್ ಮಾಡಿದಳು. "ನಿಮ್ಮ ಅಂಕಲ್ ಶೋ ಇಲ್ಲೂ ಆಯ್ತು ಕಣೇ. ರಾಣಿಗಿಂತ ಅವಳ ದಾಸಿ ಸೂಪರ್. ದಾಸಿಗೆ ನಿಮ್ಮ ಕಡೆ ಭಾಷೆ ಇಟ್ಟಿದಾರೆ. ಅಂಕಲ್ಲೇ ಹೆಂಗಸಿನ ದನಿ ಮಾಡ್ಕೊಂಡು ಮಾತಾಡ್ತಾರೆ. ನಕ್ಕು ನಕ್ಕು ಹೊಟ್ಟೆ ನೋವು ಬಂತು."

ಹಾಗೆಂದು, ಆ ದಾಸಿಯ ಹಾಗೆ ಮಾತಾಡಿ ತೋರಿಸತೊಡಗಿದಳು. ಆಫೀಸಿನಲ್ಲಿ ಊಟಕ್ಕೆ ಕುಳಿತಿದ್ದೆ, ಸುತ್ತ ಜನರಿದ್ದರು. ನಾನೂ ನಕ್ಕುಬಿಟ್ಟೆ.