ನಾಲಿಗೆಗೆ ಸಿಗದ ಪೊಟ್ಯಾಷ್

ಕುಲಗೋಡದ ಮುರಿಗೆಪ್ಪನದು ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಚಹಾ ಕುಡಿಯುವುದೂ ನಿಂತೇ. ಹರೆಯದಲ್ಲಿ ಗೋಕಾಕ ಫಾಲ್ಸಿನ ಗಿರಣಿಗೆ ಸೇರಿದ್ದ. ಒಂದೇ ಯಂತ್ರದ ಮುಂದೆ ದಿನವಿಡೀ ನಿಲ್ಲಲಾಗದೆ ಬಿಟ್ಟುಬಂದ. ಮೊನ್ನೆಯ ಹಂಗಾಮಿನಲ್ಲಿ ಎಲ್ಲೋ ಸಮುದ್ರದಲ್ಲಿ ಹಡಗುಗಳು ನಿಂತು, ಹೊರದೇಶದ ಪೊಟ್ಯಾಷ್ ಮೂಡಲಗಿಯ ಗೊಬ್ಬರದಂಗಡಿಗಳಿಗೆ ಬರಲಿಲ್ಲ. ಹಡಗು ನಿಂತಿತು, ಮುರಿಗೆಪ್ಪ ನಿಲ್ಲಲಿಲ್ಲ.

"ಇಷ್ಟು ಗುಡ್ಡ ಅದಾವ. ಒಂದರಾಗರ ಪೊಟ್ಯಾಷ್ ಇರೂದಿಲ್ಲೇನು?" ಎಂದು ಹೆಂಡತಿ ದಾಕ್ಷಾಯಿಣಿಯನ್ನು ಕೇಳಿದ. ಉತ್ತರಕ್ಕೆ ಕಾಯದೆ ಬೈಕಿಗೆ ಕಿಕ್ ಹೊಡೆದ.

ಚಡಪಡಿಕೆಗೆ ಕಾರಣವಿತ್ತು. ಮಸಗುಪ್ಪಿಯಲ್ಲಿ ಅವನ ಅಕ್ಕ ಸುಂದ್ರವ್ವ, ಗಂಡ ತೀರಿಕೊಂಡ ಮೇಲೆ ಹತ್ತು ಗುಂಟೆ ಕಬ್ಬನ್ನು ಒಬ್ಬಳೇ ನೋಡಿಕೊಂಡಿದ್ದಳು. ಕಬ್ಬಿನ ಬುಡಕ್ಕೆ ಮಣ್ಣೇರಿಸುವ ಮುಂಚೆ ಪೊಟ್ಯಾಷ್ ಬೀಳಬೇಕು. ಕಬ್ಬು ಎತ್ತರವಾಗಿ ಸಾಲು ಮುಚ್ಚಿಕೊಂಡರೆ ಆ ಕೆಲಸ ಆಗುವುದಿಲ್ಲ. "ಮಣ್ಣ ಏರಿಸಬ್ಯಾಡ ಅಕ್ಕಾ, ನಾ ತರ್ತೇನಿ" ಎಂದು ಹೇಳಿಬಂದವನು ಇವನೇ. ತರದಿದ್ದರೆ ಅಕ್ಕನ ಕಬ್ಬು ಕೆಡುತ್ತದೆ, ಅದೂ ಇವನ ಮಾತು ನಂಬಿ.

ಅಂಗಡಿಯ ಪೊಟ್ಯಾಷ್ ಖರೆಯೋ ಖೊಟ್ಟಿಯೋ ತಿಳಿಯಲು ಮುರಿಗೆಪ್ಪ ಒಂದು ಹರಳು ನಾಲಿಗೆಗಿಡುತ್ತಿದ್ದ. ಉಪ್ಪುಪ್ಪಾಗಿ ಚುರುಕ್ಕೆಂದರೆ ಖರೆ. ಬಣ್ಣ ಕೆಂಪು. ಹೀಗಾಗಿ ಕೆಂಪು ಕಲ್ಲು ಕಂಡಲ್ಲೆಲ್ಲ ಬೈಕು ನಿಲ್ಲಿಸಿ ನೆಕ್ಕಿದ. ಫಾಲ್ಸಿನ ಬಂಡೆ ನೆಕ್ಕಿದ, ಹುಕ್ಕೇರಿ ಕಡೆಯ ಗುಡ್ಡ ನೆಕ್ಕಿದ, ಯಾರದೋ ಕಂಪೌಂಡಿನ ಕಲ್ಲು ನೆಕ್ಕಿ ಬೈಸಿಕೊಂಡ. ಕತ್ತಲಾಗುವ ಮುಂಚೆ ಆ ದಿನದ ಕಲ್ಲುಗಳನ್ನು ತಂದು ಅಕ್ಕನ ಕಟ್ಟೆಯ ಮೇಲೆ ಸುರಿಯುತ್ತಿದ್ದ. ಅವಳು ಒಂದೊಂದನ್ನೇ ಎತ್ತಿ ನೋಡಿ, "ಚಲೋ ಅದಾವ" ಎನ್ನುತ್ತಿದ್ದಳು. ರೊಟ್ಟಿ ಹಾಕಿದರೆ ಅರ್ಧ ತಿಂದು ಏಳುತ್ತಿದ್ದ. ಹೊಲದ ಕಡೆ ಹೋಗುವ ಧೈರ್ಯ ಮಾತ್ರ ಅವನಿಗಿರಲಿಲ್ಲ.

ಕಡೆಗೆ ಗೋಕಾಕದಲ್ಲಿ ಮಣ್ಣು ಪರೀಕ್ಷೆ ಮಾಡುವ ಪದ್ಮಶ್ರೀ ಮೇಡಂ ಹತ್ತಿರ ಹೋದ. ಅವರು ಚೀಲದ ಕಲ್ಲುಗಳನ್ನು ನೋಡಿ, "ಈ ಕೆಂಪು ಕಬ್ಬಿಣದ್ದು ಕಾಕಾ" ಎಂದರು. ಬಾಗಿಲತನಕ ಬಂದವರು, ಬೈಕಿನ ಸ್ಟ್ಯಾಂಡಿನ ಕೆಳಗೆ ಅವನು ಇಟ್ಟಿದ್ದ ಚಪ್ಪಟೆ ಕಲ್ಲು ಕಂಡು ಬಗ್ಗಿದರು. ಅದರಲ್ಲಿ ಹಸಿರು ಛಾಯೆ ಇತ್ತು.

"ಅದು ಸಪ್ಪಗ ಐತ್ರಿ. ನೆಕ್ಕೇ ಬಿಟ್ಟೇನಿ" ಎಂದ ಮುರಿಗೆಪ್ಪ. ಮೇಡಂ ಆ ಕಲ್ಲನ್ನೇ ಇಟ್ಟುಕೊಂಡರು.

ಮುಂದಿನ ವಾರ ಕರೆಸಿ ಹೇಳಿದರು: "ಇದರಾಗ ಪೊಟ್ಯಾಷ್ ಐತ್ರಿ. ಆದ್ರ ಕಲ್ಲು ಬಿಟ್ಟುಕೊಡೂದಿಲ್ಲ. ನೀರಾಗ ಕರಗೂದಿಲ್ಲ, ಅದಕ್ಕ ನಿಮ್ಮ ನಾಲಿಗಿಗೆ ಸಿಗಲಿಲ್ಲ. ಕಬ್ಬಿನ ಬೇರಿಗೂ ಸಿಗೂದಿಲ್ಲ. ಬಿಡಿಸಾಕ ಕಾರ್ಖಾನಿನ ಬೇಕು. ಇದು ಎಲ್ಲಿ ಸಿಕ್ತು ಹೇಳ್ರಿ, ಗುಡ್ಡದಾಗ ಖನಿಜ ಹುಡಕವರಿಗೆ ತಿಳಸ್ತೇನಿ."

ಅದು ಹುಕ್ಕೇರಿಗೂ ಗೋಕಾಕಕ್ಕೂ ನಡುವೆ ಎಲ್ಲೋ, ನಿಲ್ಲಿಸಿದ ಬೈಕು ಓಲಾಡಿದಾಗ ಸ್ಟ್ಯಾಂಡಿನ ಕೆಳಗಿಡಲು ಮುರಿಗೆಪ್ಪ ಅವಸರದಲ್ಲಿ ಎತ್ತಿಕೊಂಡದ್ದು. ಊರೂ ನೆನಪಿಲ್ಲ, ಗುಡ್ಡವೂ ನೆನಪಿಲ್ಲ. ತನ್ನ ಅವಸರಕ್ಕೆ ತಾನೇ ಶಾಪ ಹಾಕಿಕೊಂಡು ಮಸಗುಪ್ಪಿಯ ದಾರಿ ಹಿಡಿದ. ಇನ್ನು ಅಕ್ಕನಿಗೆ ಹೇಳಲೇಬೇಕಿತ್ತು.

ಮನೆಗೆ ಬೀಗ. ಹೊಲಕ್ಕೆ ಹೋಗಿ, ಎಂಜಿನ್ ಬಂದ್ ಮಾಡದೆಯೇ ಇಳಿದು ಓಡಿದ. ಬದುವಿನ ಮೇಲೆ ಕಾಲು ನಿಂತುಬಿಟ್ಟಿತು. ಕಬ್ಬಿನ ಬುಡಕ್ಕೆ ಅಚ್ಚುಕಟ್ಟಾಗಿ ಮಣ್ಣೇರಿತ್ತು. ಏರಿಸಿದ ಮಣ್ಣಿನ ಮೇಲೆ ಆಗಲೇ ಹುಲ್ಲು ಹುಟ್ಟಿತ್ತು. ಸುಂದ್ರವ್ವ ಅದನ್ನು ಕೀಳುತ್ತಿದ್ದಳು.

"ಅಕ್ಕಾ, ಯಾವಾಗ ಏರಿಸಿದಿ?"

"ನೀ ಮೊದಲ ಕಲ್ಲು ತಂದ ಮರುದಿನ. ಓಣ್ಯಾನ ಒಲಿ ಬೂದಿ ಎಲ್ಲಾ ಕೂಡಿಸಿ ಬುಡಕ್ಕ ಹಾಕಿದ್ನಿ. ಪೊಟ್ಯಾಷಿನಷ್ಟು ಆಗೂದಿಲ್ಲ, ಖರೆ. ಆದ್ರ ಕಬ್ಬು ಯಾರ ಸಲವಾಗಿ ಕಾಯ್ತೈತಿ?"

ಸಮಾಧಾನಕ್ಕಿಂತ ಮುಂಚೆ ಅವನಿಗೆ ಸಿಟ್ಟೇ ಬಂತು. "ಜೀವಾ ಕೈಯಾಗ ಹಿಡಕೊಂಡು ತಿರಗೇನಿ. ನನಗ್ಯಾಕ ಹೇಳಲಿಲ್ಲ?"

ಸುಂದ್ರವ್ವ ಕಿತ್ತ ಹುಲ್ಲನ್ನು ಬದುವಿಗೆ ಎಸೆದಳು.

"ಹೇಳಿದ್ರ ಬರ್ತಿದ್ದೇನು? ಪಂಚಮಿಗೊಮ್ಮೆ ತವರಮನಿಗೆ ಕರಿಯಾಕ ಬರ್ತಿ. ಅದೂ ಗಾಡಿ ಮ್ಯಾಲ ಕುಂತ ಹಾರ್ನ್ ಹೊಡಿತಿ. ಈ ಸಲ ಕಲ್ಲು ತೋರಸಾಕರ ದಿನಾ ಬಂದಿ. ಅರ್ಧ ರೊಟ್ಟಿಯರ ತಿಂದಿ."

ರಸ್ತೆಯಲ್ಲಿ ಬೈಕು ಇನ್ನೂ ಗುಡುಗುಡು ಎನ್ನುತ್ತಿತ್ತು. ಮುರಿಗೆಪ್ಪ ವಾಪಸು ನಡೆದು, ಚಾವಿ ತಿರುವಿ, ಅದನ್ನು ಬಂದ್ ಮಾಡಿದ.